ಎದುರುನೋಡುವ ಮಾತು

ಕಾಗದ ಬರೆಯುವವರಿಗೆ ಆರಂಭಕ್ಕಿಂತಲೂ ಮುಕ್ತಾಯವೇ ಹೆಚ್ಚು ತೊಡಕಿನದು. ಹೇಳಬೇಕಾದುದನ್ನೆಲ್ಲ ಹೇಳಿಯಾಗಿರುತ್ತದೆ, ಆದರೂ ಅಲ್ಲಿಗೇ ರುಜು ಹಾಕಿಬಿಟ್ಟರೆ, ಮಾತನಾಡುತ್ತಿದ್ದವರು ಹೇಳದೆ ಕೇಳದೆ ಎದ್ದು ಹೊರಟುಹೋದಂತಾಗುತ್ತದೆ. ಈ ಕೊರತೆಯನ್ನು ನೀಗುವುದಕ್ಕಾಗಿಯೇ ಕಾಗದವನ್ನು ಮುಗಿಸುವ ರೂಢಿಯ ಮಾತುಗಳು ಹುಟ್ಟಿಕೊಂಡಿವೆ. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಮೊದಲುಮಾಡುತ್ತಿದ್ದ ನಮ್ಮ ಹಿರಿಯರು ‘ಈ ಕಾಗದ ತಲಪಿದ ಕೂಡಲೆ ಜವಾಬು ಬರೆಯುವುದು’ ಎಂದು ಮುಗಿಸುತ್ತಿದ್ದರು. ಇಂಗ್ಲೀಷಿನವರು ಆ ಸ್ಥಳದಲ್ಲಿ ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಎನ್ನುತ್ತಾರೆ. ನಿಮ್ಮ ಉತ್ತರವನ್ನು ಸಂತೋಷದಿಂದ ಎದುರುನೋಡುತ್ತಿದ್ದೇನೆ ಎಂಬುದೇ ಇದರ ತಾತ್ಪರ್ಯ. ಈ ತಿಂಗಳು ಈ ಒಂದು ಮಾತನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಇಷ್ಟು ಸಣ್ಣ ಮಾತಿಗೆ ಇಡೀ ಅಂಕಣವೇಕೆಂದು ಕೆಲವರು ಕೇಳಬಹುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಯಾವ ಬೀದಿಯನ್ನು ಹೊಕ್ಕರೂ, ಓದು ಮುಗಿಸಿ ಬೆಂಗಳೂರಿಗೋ ಮೈಸೂರಿಗೋ ಅರ್ಜಿ ಕಳುಹಿಸುತ್ತಿರುವ ಹುಡುಗನೋ ಹುಡುಗಿಯೋ ಇಲ್ಲದ ಮನೆ ಅಪರೂಪ. ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲೀಷನ್ನು ಒಂದು ವಿಷಯವಾಗಿ ಕಲಿಸುವ ಏರ್ಪಾಡು ೨೦೦೭ರಲ್ಲಿ ಬಂದಿತು. ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಪತ್ರಲೇಖನಕ್ಕೂ ಸ್ಥಾನವುಂಟು. ಆದರೆ ಪರೀಕ್ಷೆಯ ಪತ್ರವನ್ನು ತಿದ್ದುವವರು ಒಂದು ಅಂಕ ಕಳೆದು ಮುಂದೆ ಹೋಗುತ್ತಾರೆ. ಉದ್ಯೋಗದ ಪತ್ರವನ್ನು ನೋಡುವವರು ಕಾಗದವನ್ನೇ ಪಕ್ಕಕ್ಕೆ ಇಟ್ಟುಬಿಡಬಹುದು. ಅವರಿಗೆ ನಮ್ಮ ಮಗುವಿನ ಮುಖವು ಕಾಣಿಸದು, ಗುಣವು ತಿಳಿಯದು. ಕಾಣಿಸುವುದು ಹತ್ತು ಹನ್ನೆರಡು ಸಾಲು ಬರೆವಣಿಗೆ ಮಾತ್ರ. ಅದರಲ್ಲಿಯೂ ಕಟ್ಟಕಡೆಯ ಸಾಲು ಓದುವವರ ಮನಸ್ಸಿನಲ್ಲಿ ಉಳಿಯತಕ್ಕದ್ದು.

ಆ ಸಾಲಿನಲ್ಲಿಯೇ ನಮ್ಮವರು ಬಹಳ ಸಲ ಎಡವುತ್ತಾರೆ. ‘ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ಎಂದು ಬರೆದುಬಿಡುತ್ತಾರೆ. ‘ಹಿಯರಿಂಗ್’ ಎಂದಿರಬೇಕಾದಲ್ಲಿ ‘ಹಿಯರ್’ ಎಂದು ನಿಲ್ಲಿಸುತ್ತಾರೆ. ಇದು ದಡ್ಡರ ತಪ್ಪಲ್ಲ. ಚೆನ್ನಾಗಿ ಓದಿದವರೇ, ಅದೂ ವ್ಯಾಕರಣದ ಪಾಠವನ್ನು ಶ್ರದ್ಧೆಯಿಂದ ಕಲಿತವರೇ, ಈ ತಪ್ಪನ್ನು ಮಾಡುತ್ತಾರೆ. ‘ಟು’ ಎಂಬುದರ ಮುಂದೆ ಕ್ರಿಯಾಪದದ ಮೂಲರೂಪ ಬರಬೇಕೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿರುತ್ತಾರಷ್ಟೆ. ‘ಐ ವಾಂಟ್ ಟು ಗೋ’, ‘ಐ ಹೋಪ್ ಟು ಪಾಸ್’ ಎಂಬ ವಾಕ್ಯಗಳಲ್ಲಿ ಆ ನಿಯಮ ಸರಿಯಾಗಿಯೇ ಇದೆ. ಅದನ್ನೇ ಇಲ್ಲಿಗೂ ಎಳೆದು ತಂದಾಗ ಕಾಲು ಜಾರುತ್ತದೆ.

ಇದಕ್ಕೆ ಕಾರಣವೇನೆಂದರೆ, ಇಂಗ್ಲೀಷಿನಲ್ಲಿ ‘ಟು’ ಎಂಬುದು ಒಂದೇ ವೇಷದಲ್ಲಿ ಎರಡು ಕೆಲಸ ಮಾಡುತ್ತದೆ. ‘ಐ ವೆಂಟ್ ಟು ಹಾಸನ್’ ಎಂದಾಗ ಅದು ನಮ್ಮ ಚತುರ್ಥೀ ವಿಭಕ್ತಿ. ಹಾಸನಕ್ಕೆ ಹೋದೆನು ಎಂಬಲ್ಲಿಯ ‘ಕ್ಕೆ’. ‘ಐ ವಾಂಟ್ ಟು ಗೋ’ ಎಂದಾಗ ಅದು ಹೋಗಲು ಎಂಬಲ್ಲಿಯ ‘ಅಲು’ ಪ್ರತ್ಯಯ. ಮೊದಲನೆಯ ‘ಟು’ ತನ್ನ ಮುಂದೆ ನಾಮಪದವನ್ನು ಬೇಡುತ್ತದೆ. ಎರಡನೆಯದು ಕ್ರಿಯಾಪದವನ್ನು ಬೇಡುತ್ತದೆ. ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿ ಇರುವುದು ಮೊದಲನೆಯ ‘ಟು’. ಆದುದರಿಂದ ಅದರ ಮುಂದೆ ‘ಹಿಯರ್’ ಎಂಬ ಕ್ರಿಯಾಪದವು ಹಾಗೆಯೇ ಬಂದು ಕುಳಿತುಕೊಳ್ಳಲಾರದು. ‘ಇಂಗ್’ ಎಂಬ ಪ್ರತ್ಯಯವನ್ನು ಹಚ್ಚಿಕೊಂಡು, ನಾಮಪದವಾಗಿ ಬರಬೇಕು.

ಕನ್ನಡ ವ್ಯಾಕರಣ ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಇಂದಿನ ಹಳೇಬೀಡು ದೋರಸಮುದ್ರವೆಂಬ ಹೆಸರಿನಿಂದ ಹೊಯ್ಸಳರ ರಾಜಧಾನಿಯಾಗಿದ್ದ ೧೩ನೆಯ ಶತಮಾನದಲ್ಲಿಯೇ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿ ನಮ್ಮ ನುಡಿಯ ಕಟ್ಟನ್ನು ನಿರೂಪಿಸಿದನು. ಹಾಸನದ ಸೀಮೆಯವರು ವ್ಯಾಕರಣಕ್ಕೆ ಹೆದರಬೇಕಾದ ಕಾರಣವಿಲ್ಲ. ನಮ್ಮ ಶಾಲೆಯ ವ್ಯಾಕರಣದಲ್ಲಿ ‘ನೋಡುವಿಕೆ’, ‘ನೋಟ’, ‘ಓಟ’ ಎಂಬುವನ್ನು ಕೃದಂತ ಭಾವನಾಮಗಳೆಂದೂ, ‘ನೋಡಲು’, ‘ನೋಡಲಿಕ್ಕೆ’ ಎಂಬುವನ್ನು ಕೃದಂತಾವ್ಯಯಗಳೆಂದೂ ಬೇರೆಬೇರೆಯಾಗಿ ಕಲಿಸುತ್ತಾರೆ. ಇಂಗ್ಲೀಷಿನ ‘ಹಿಯರಿಂಗ್’ ಇಲ್ಲಿ ಭಾವನಾಮದಂತೆ; ‘ಟು ಹಿಯರ್’ ಎಂಬುದು ಕೃದಂತಾವ್ಯಯದಂತೆ. ನಾವು ವಿಚಾರಿಸುತ್ತಿರುವ ಮಾತಿನ ಮುಂದೆ ಭಾವನಾಮವೇ ಬರತಕ್ಕದ್ದು. ನಿಯಮವೆಲ್ಲ ಇಷ್ಟೇ.

ನಿಯಮವನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಹೇಗೆ? ಇದಕ್ಕೆ ನಮ್ಮ ಮನೆಯ ಮಾತಿನಲ್ಲಿಯೇ ಒಂದು ಬೀಗದ ಕೈ ಇದೆ. ಈ ಇಂಗ್ಲೀಷು ಮಾತಿಗೆ ‘ಕಾತರನಾಗಿದ್ದೇನೆ’ ಎಂದು ಅರ್ಥ ಇಟ್ಟುಕೊಂಡರೆ ದಾರಿ ತಪ್ಪುತ್ತೇವೆ. ‘ಕೇಳಲು ಕಾತರನಾಗಿದ್ದೇನೆ’ ಎಂದು ಕನ್ನಡದಲ್ಲಿ ಬಂದು, ಅದರ ಹಿಂದೆಯೇ ‘ಟು ಹಿಯರ್’ ಎಂಬ ತಪ್ಪು ರೂಪವೂ ಬರುತ್ತದೆ. ಅದರ ಬದಲಿಗೆ ‘ಎದುರುನೋಡುತ್ತೇನೆ’ ಎಂದು ಇಟ್ಟುಕೊಳ್ಳಬೇಕು. ‘ನೀವು ಬರಲು ಎದುರುನೋಡುತ್ತೇನೆ’ ಎಂದು ಕನ್ನಡದ ಮಗು ಎಂದಾದರೂ ಹೇಳುವುದುಂಟೆ? ‘ನೀವು ಬರುವುದನ್ನು ಎದುರುನೋಡುತ್ತೇನೆ’, ‘ನಿಮ್ಮ ಬರುವಿಕೆಯನ್ನು ಎದುರುನೋಡುತ್ತೇನೆ’ ಎಂದೇ ಹೇಳುತ್ತದೆ. ‘ಬರುವುದನ್ನು’ ಎಂದು ಕನ್ನಡದಲ್ಲಿ ಬಾಯಿಗೆ ಬಂದೊಡನೆ ‘ಕಮಿಂಗ್’ ಎಂದು ಇಂಗ್ಲೀಷಿನಲ್ಲಿ ಬರೆಯಬೇಕು. ‘ಕೇಳುವುದನ್ನು’ ಎಂದರೆ ‘ಹಿಯರಿಂಗ್’. ‘ಭೇಟಿಯಾಗುವುದನ್ನು’ ಎಂದರೆ ‘ಮೀಟಿಂಗ್’. ‘ನೋಡುವುದನ್ನು’ ಎಂದರೆ ‘ಸೀಯಿಂಗ್’. ‘ನಿಮ್ಮ ಬರುವಿಕೆ’ ಎಂಬಲ್ಲಿಯ ‘ನಿಮ್ಮ’ ಸಹ ‘ಯುವರ್ ಕಮಿಂಗ್’ ಎಂದು ಇಂಗ್ಲೀಷಿನಲ್ಲಿ ಹಾಗೆಯೇ ಉಳಿಯುತ್ತದೆ. ನಮ್ಮ ಲಗ್ನಪತ್ರಿಕೆಗಳನ್ನು ನೋಡಿರಿ. ‘ತಮ್ಮ ಆಗಮನಾಭಿಲಾಷಿಗಳು’ ಎಂದೂ ‘ತಮ್ಮ ಸುಖಾಗಮನವನ್ನು ಬಯಸುವ’ ಎಂದೂ ಅಚ್ಚು ಹಾಕಿಸುತ್ತೇವೆ. ಅಲ್ಲಿ ಇರುವುದು ಆಗಮನವೆಂಬ ಭಾವನಾಮವಲ್ಲವೇ? ನಮಗೆ ಗೊತ್ತಿಲ್ಲದೆಯೇ ಮದುವೆ ಮದುವೆಗೂ ಈ ನಿಯಮವನ್ನು ಪಾಲಿಸಿಕೊಂಡು ಬಂದಿದ್ದೇವೆ.

ಇದರಿಂದ ಒಂದು ದೊಡ್ಡ ಪ್ರಯೋಜನವುಂಟು. ಇಂಗ್ಲೀಷು ಬಾರದ ತಾಯಿತಂದೆಗಳು ಮಕ್ಕಳ ಅರ್ಜಿಯ ಮುಂದೆ ಸುಮ್ಮನೆ ಕುಳಿತುಕೊಳ್ಳಬೇಕಾಗಿಲ್ಲ. ‘ಕೊನೆಯ ಸಾಲನ್ನು ಕನ್ನಡದಲ್ಲಿ ಹೇಳಪ್ಪ’ ಎಂದು ತಾಯಿಯು ಕೇಳಬಹುದು. ಮಗನು ‘ಎದುರುನೋಡುತ್ತೇನೆ ಅಮ್ಮ’ ಎಂದರೆ, ‘ಏನನ್ನು?’ ಎಂದು ಮತ್ತೆ ಕೇಳಬಹುದು. ‘ಏನನ್ನು’ ಎಂಬ ಪ್ರಶ್ನೆಗೆ ಉತ್ತರವಾಗಿ ಬರುವ ಮಾತೇ ಅಲ್ಲಿ ಇರತಕ್ಕ ಮಾತು. ಇನ್ನೊಂದು ಪರೀಕ್ಷೆಯನ್ನು ಮಕ್ಕಳೇ ಮಾಡಿಕೊಳ್ಳಬಹುದು. ‘ಟು’ ಎಂಬುದರ ಮುಂದೆ ‘ಯುವರ್ ರಿಪ್ಲೈ’ ಎಂಬ ಎರಡು ಶಬ್ದಗಳನ್ನು ಇಟ್ಟು ನೋಡಬೇಕು. ‘ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಎಂಬುದು ಸರಿಯಾಗಿ ಕೂಡುತ್ತದೆ. ಆದುದರಿಂದ ಅಲ್ಲಿ ‘ಇಂಗ್’ ರೂಪ ಬೇಕು. ‘ಐ ವಾಂಟ್ ಟು ಯುವರ್ ರಿಪ್ಲೈ’ ಎಂಬುದು ಕೂಡುವುದಿಲ್ಲ. ಆದುದರಿಂದ ಅಲ್ಲಿ ಮೂಲರೂಪವೇ ಬೇಕು. ಸಂದೇಹ ಬಂದಾಗ ‘ಯುವರ್ ರಿಪ್ಲೈ’ ಎಂದೇ ಬರೆದು ಮುಗಿಸಿದರೂ ಯಾವ ಕೊರತೆಯೂ ಇಲ್ಲ.

ಇದೇ ಜಾತಿಗೆ ಸೇರಿದ ಇನ್ನು ಕೆಲವು ಮಾತುಗಳಿವೆ. ಅಭ್ಯಾಸವಾಗಿದೆ ಎಂಬರ್ಥದ ‘ಯೂಸ್ಡ್ ಟು’, ಆಕ್ಷೇಪಿಸು ಎಂಬರ್ಥದ ‘ಆಬ್ಜೆಕ್ಟ್ ಟು’, ಉದ್ದೇಶದಿಂದ ಎಂಬರ್ಥದ ‘ವಿತ್ ಎ ವ್ಯೂ ಟು’ ಎಂಬುವುಗಳ ಮುಂದೆಯೂ ‘ಇಂಗ್’ ರೂಪವೇ ಬರಬೇಕು. ಇವುಗಳಲ್ಲಿ ಮೊದಲನೆಯದರ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ‘ಐ ಯೂಸ್ಡ್ ಟು ಲಿವ್ ಇನ್ ಅರಕಲಗೂಡು’ ಎಂದರೆ ಹಿಂದೆ ಅರಕಲಗೂಡಿನಲ್ಲಿ ವಾಸವಾಗಿದ್ದೆನು, ಈಗ ಇಲ್ಲ ಎಂದರ್ಥ. ‘ಐ ಆ್ಯಮ್ ಯೂಸ್ಡ್ ಟು ಲಿವಿಂಗ್ ಇನ್ ಅರಕಲಗೂಡು’ ಎಂದರೆ ಅಲ್ಲಿಯ ವಾಸವು ನನಗೆ ಒಗ್ಗಿದೆ ಎಂದರ್ಥ. ಬಿಟ್ಟುಹೋದವನಿಗೂ ಒಗ್ಗಿಕೊಂಡವನಿಗೂ ಇರುವ ಅಂತರವೆಲ್ಲ ಇಂಥ ಸಣ್ಣ ರೂಪಭೇದಗಳಲ್ಲಿ ಅಡಗಿರುತ್ತದೆ.

ಬೇರೆ ಕೆಲವು ಕಿರಿಯ ದೋಷಗಳನ್ನೂ ಇಲ್ಲಿಯೇ ಹೇಳಿ ಮುಗಿಸುತ್ತೇವೆ. ‘ಫಾರ್ವರ್ಡ್’ ಎಂಬುದನ್ನು ಎಫ್, ಓ, ಆರ್, ಡಬ್ಲ್ಯು, ಎ, ಆರ್, ಡಿ ಎಂಬ ಏಳು ಅಕ್ಷರಗಳಿಂದ ಬರೆಯಬೇಕು. ನಡುವೆ ‘ಇ’ ಅಕ್ಷರವನ್ನು ಸೇರಿಸಿ, ‘ಎ’ ಇರುವಲ್ಲಿ ‘ಓ’ ಬರೆದರೆ ಅದು ಪುಸ್ತಕದ ಮುನ್ನುಡಿಯಾಗುತ್ತದೆ. ‘ಹಿಯರಿಂಗ್ ಫ್ರಮ್ ಯು’ ಎಂಬಲ್ಲಿ ‘ಫ್ರಮ್’ ಎಂಬುದನ್ನು ಬಿಡಕೂಡದು. ಅದನ್ನು ಬಿಟ್ಟರೆ ಕಾಗದವನ್ನಲ್ಲ, ಕಂಠಧ್ವನಿಯನ್ನು ಕೇಳಲು ಕುಳಿತಿರುವಂತಾಗುತ್ತದೆ. ‘ಐ ಲುಕ್’ ಎಂಬುದು ಕಛೇರಿಯ ಕಾಗದಕ್ಕೆ ಹೊಂದುತ್ತದೆ. ‘ಐ ಆ್ಯಮ್ ಲುಕಿಂಗ್’ ಎಂಬುದು ಬಳಕೆಯ ಸಲಿಗೆಯುಳ್ಳದ್ದು, ಸ್ನೇಹಿತರಿಗೂ ಬಂಧುಗಳಿಗೂ ಸಲ್ಲುತ್ತದೆ. ‘ಲುಕಿಂಗ್ ಫಾರ್ವರ್ಡ್’ ಎಂದಷ್ಟೇ ಬರೆದು ಯಾರು ನೋಡುತ್ತಿದ್ದಾರೆಂಬುದನ್ನು ಹೇಳದೆ ಬಿಡುವುದು ಮೊಬೈಲಿನ ಸಂದೇಶದಲ್ಲಿ ನಡೆದೀತು, ಅರ್ಜಿಯಲ್ಲಿ ಶೋಭಿಸದು.

ರೂಪದ ಮಾತು ಮುಗಿಯಿತು. ಅರ್ಥದ ಮಾತು ಉಳಿದಿದೆ. ಅದೇ ಹೆಚ್ಚು ಮುಖ್ಯವಾದುದು. ರೂಪ ತಪ್ಪಿದರೆ ಓದುವವರು ನಕ್ಕು ಸುಮ್ಮನಾದಾರು. ಅರ್ಥ ತಪ್ಪಿದರೆ ಮನಸ್ಸು ಮುರಿಯಬಹುದು. ಮುಂದೆ ಬರುವುದನ್ನು ಕುರಿತ ಮನೋಭಾವಗಳು ಒಂದಲ್ಲ, ಹಲವು. ಅವುಗಳಿಗೆ ಕನ್ನಡದಲ್ಲಿಯೂ ಇಂಗ್ಲೀಷಿನಲ್ಲಿಯೂ ಬೇರೆಬೇರೆ ಮಾತುಗಳಿವೆ. ನಮ್ಮ ನಾಲ್ಕು ಊರುಗಳೇ ಇವುಗಳಿಗೆ ಉದಾಹರಣೆಗಳನ್ನು ಕೊಡುತ್ತವೆ.

ಹಾಸನದಲ್ಲಿ ಹಾಸನಾಂಬೆಯ ಗುಡಿಯ ಬಾಗಿಲನ್ನು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ, ದೀಪಾವಳಿಯ ವೇಳೆಗೆ ಕೆಲವೇ ದಿನ ತೆರೆಯುತ್ತಾರೆ. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪವು ಮರುವರ್ಷ ತೆರೆಯುವವರೆಗೂ ಉರಿಯುತ್ತಿರುತ್ತದೆಂಬುದು ಭಕ್ತರ ನಂಬಿಕೆ. ಆ ದಿನಕ್ಕಾಗಿ ಊರವರು ವರ್ಷವಿಡೀ ಮನಸ್ಸಿನಲ್ಲಿಯೇ ದಿನ ಎಣಿಸುತ್ತಾರೆ. ಬರುವುದು ನಿಶ್ಚಯ, ಬಂದರೆ ಸಂತೋಷ. ಈ ಎರಡೂ ಕೂಡಿದ ಭಾವವೇ ಎದುರುನೋಡುವುದು. ‘ಲುಕ್ ಫಾರ್ವರ್ಡ್ ಟು’ ಎಂಬುದು ಇದಕ್ಕೇ ಸಲ್ಲುವ ಮಾತು.

ಹೊಳೆನರಸೀಪುರಕ್ಕೆ ಬನ್ನಿರಿ. ಊರಿನ ಪಕ್ಕದಲ್ಲಿಯೇ ಹೇಮಾವತಿ ಹರಿಯುತ್ತದೆ. ಮೇಲುಗಡೆ ಗೊರೂರಿನಲ್ಲಿ ಆ ಹೊಳೆಗೆ ಅಣೆಕಟ್ಟಿದೆ. ಮುಂಗಾರು ಬಲವಾಗಿ ಜಲಾಶಯ ತುಂಬಿ, ತೂಬಿನಿಂದ ನೀರು ಬಿಟ್ಟಾಗ, ಹೊಳೆದಂಡೆಯವರು ನೀರೇರುವುದನ್ನು ನಿರೀಕ್ಷಿಸುತ್ತಾರೆ. ಎದುರುನೋಡುವುದಿಲ್ಲ. ಏರುವುದು ಬಹುಮಟ್ಟಿಗೆ ನಿಶ್ಚಯ, ಆದರೆ ಅದರಲ್ಲಿ ಸಂತೋಷವಿಲ್ಲ. ಈ ಭಾವಕ್ಕೆ ‘ಎಕ್ಸ್‌ಪೆಕ್ಟ್’ ಎಂಬುದು ಸರಿಯಾದ ಮಾತು. ಅದು ಲೆಕ್ಕದ ಮಾತು, ಹೃದಯದ ಮಾತಲ್ಲ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅದು ಸಮಾನವಾಗಿ ಸಲ್ಲುತ್ತದೆ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ನಡೆಯುತ್ತದೆ. ಹೊಗೆಸೊಪ್ಪನ್ನು ಬೆಳೆದು, ಹದಮಾಡಿ, ಬೇಲು ಕಟ್ಟಿ ತಂದ ಬೇಸಾಯಗಾರನು ಒಳ್ಳೆಯ ಬೆಲೆಯನ್ನು ಬಯಸುತ್ತಾನೆ. ಆದರೆ ಬೆಲೆಯು ಅವನ ಕೈಯಲ್ಲಿ ಇಲ್ಲ. ಬಂದೀತೆಂಬ ಭರವಸೆಯೂ ಇಲ್ಲ. ಇಲ್ಲಿ ಬಯಕೆಯುಂಟು, ನಿಶ್ಚಯವಿಲ್ಲ. ಇದಕ್ಕೆ ಆಶೆಯೆಂದು ಹೆಸರು, ಇಂಗ್ಲೀಷಿನಲ್ಲಿ ‘ಹೋಪ್’. ‘ಐ ಹೋಪ್ ಟು ಗೆಟ್’ ಎಂದು ಇದರ ಮುಂದೆ ಮೂಲರೂಪವೇ ಬರುತ್ತದೆಂಬುದನ್ನೂ ಗಮನಿಸಬೇಕು.

ಚನ್ನರಾಯಪಟ್ಟಣದ ಸೀಮೆಯಲ್ಲಿ ಶ್ರವಣಬೆಳಗೊಳವಿದೆ. ಅಲ್ಲಿ ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕ ನಡೆಯುವ ರೂಢಿ. ೨೦೦೬ರಲ್ಲಿಯೂ ೨೦೧೮ರಲ್ಲಿಯೂ ನಡೆಯಿತು. ಮುಂದಿನದು ೨೦೩೦ರಲ್ಲಿ ಎಂಬುದು ಲೆಕ್ಕ. ಆ ವರ್ಷ ಜನಸಂದಣಿ ಹೆಚ್ಚುವುದೆಂದು ಅಂಗಡಿಯವರು ನಿರೀಕ್ಷಿಸುತ್ತಾರೆ. ಭಕ್ತರು ಅಭಿಷೇಕವನ್ನು ಎದುರುನೋಡುತ್ತಾರೆ. ವಯಸ್ಸಾದವರು ಅಲ್ಲಿಯವರೆಗೆ ಇದ್ದು ನೋಡಬೇಕೆಂದು ಆಶಿಸುತ್ತಾರೆ. ಆ ದಿನ ಬಂದಾಗ ಎಲ್ಲರೂ ಬೆಟ್ಟದ ಬುಡದಲ್ಲಿ ಸರದಿಗಾಗಿ ಕಾಯುತ್ತಾರೆ. ಕಡೆಯದಕ್ಕೆ ‘ವೇಟ್ ಫಾರ್’ ಎನ್ನಬೇಕು. ಉತ್ಸವವೊಂದೇ, ಮನಸ್ಸುಗಳು ನಾಲ್ಕು. ನಾಲ್ಕು ಮಾತುಗಳನ್ನೂ ಒಂದರ ಸ್ಥಳದಲ್ಲಿ ಇನ್ನೊಂದನ್ನು ಇಟ್ಟು ಬಳಸಲಾಗದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಾಗದಗಳಲ್ಲಿ ಇದರ ಪರಿಣಾಮವನ್ನು ನೋಡೋಣ. ‘ಐ ಎಕ್ಸ್‌ಪೆಕ್ಟ್ ಯುವರ್ ರಿಪ್ಲೈ’ ಎಂದು ಅರ್ಜಿಯನ್ನು ಮುಗಿಸುವವರು ಉಂಟು. ನಿರೀಕ್ಷಿಸುತ್ತೇನೆ ಎಂದು ವಿನಯದಿಂದಲೇ ಬರೆದೆವೆಂದು ಅವರು ತಿಳಿದಿರುತ್ತಾರೆ. ಆದರೆ ಇಂಗ್ಲೀಷು ಬಲ್ಲವರ ಕಿವಿಗೆ ಅದು ಯಜಮಾನನು ಆಳಿಗೆ ಹೇಳಿದಂತೆ ಕೇಳಿಸುತ್ತದೆ: ಉತ್ತರ ಕೊಡುವುದು ನಿನ್ನ ಕರ್ತವ್ಯ, ತಪ್ಪಿದರೆ ನೋಡಿಕೊಳ್ಳುತ್ತೇನೆ ಎಂಬ ಧ್ವನಿ ಅದರಲ್ಲಿದೆ. ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ತಾನು ಕಾಣದ ಹಿರಿಯ ಅಧಿಕಾರಿಗೆ ಹೀಗೆ ಬರೆದರೆ, ಆಕೆಯ ನಮ್ರ ಸ್ವಭಾವವು ಆ ಕಾಗದದಲ್ಲಿ ಗರ್ವವಾಗಿ ಮಾರ್ಪಡುತ್ತದೆ. ಆಕೆ ಮಾಡದ ಅಪರಾಧಕ್ಕೆ ಆಕೆಯೇ ಹೊಣೆಯಾಗುತ್ತಾಳೆ. ಅಲ್ಲಿ ‘ಲುಕ್ ಫಾರ್ವರ್ಡ್ ಟು’ ಎಂಬುದೇ ಮರ್ಯಾದೆಯ ಮಾತು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಎದುರುನೋಡುವ ಮಾತಿನಲ್ಲಿ ಸಂತೋಷ ಬೆರೆತಿದೆಯೆಂದು ಹೇಳಿದೆವಷ್ಟೆ. ಆಪ್ತರ ಮನೆಯಲ್ಲಿ ಸಾವು ಸಂಭವಿಸಿ, ವೈಕುಂಠ ಸಮಾರಾಧನೆಗೆ ಬರಬೇಕೆಂದು ಕಾಗದ ಬಂದಾಗ, ಮದುವೆಗೆ ಬರೆಯುವ ರೂಢಿಯಂತೆ ‘ಲುಕಿಂಗ್ ಫಾರ್ವರ್ಡ್ ಟು ಅಟೆಂಡಿಂಗ್’ ಎಂದು ಉತ್ತರ ಬರೆಯಬಾರದು. ವ್ಯಾಕರಣದಲ್ಲಿ ಅದು ನಿರ್ದೋಷವಾಗಿದ್ದರೂ ನಡತೆಯಲ್ಲಿ ದೊಡ್ಡ ದೋಷ. ‘ಬರುತ್ತೇವೆ’ ಎಂಬ ಒಂದೇ ಮಾತು ಅಲ್ಲಿ ಸಾಕು. ಶಸ್ತ್ರಚಿಕಿತ್ಸೆಗೆ ಹೋಗುವವರಿಗೂ, ವ್ಯಾಜ್ಯದ ದಿನವನ್ನು ಕಾದಿರುವವರಿಗೂ ಬರೆಯುವಾಗ ಇದೇ ವಿವೇಕವಿರಲಿ.

ಇನ್ನು ಹಕ್ಕಿನ ವಿಷಯ. ದಯೆಯಿಂದ ಬರತಕ್ಕ ಉತ್ತರಕ್ಕೂ ನ್ಯಾಯವಾಗಿ ಬರಲೇಬೇಕಾದ ಉತ್ತರಕ್ಕೂ ಭೇದವುಂಟು. ೨೦೦೫ರ ಮಾಹಿತಿ ಹಕ್ಕು ಅಧಿನಿಯಮದಂತೆ ಕೇಳಿದ ಮಾಹಿತಿಗೆ ಸಾಮಾನ್ಯವಾಗಿ ೩೦ ದಿನಗಳೊಳಗೆ ಉತ್ತರ ಬರಬೇಕು. ಕರ್ನಾಟಕದಲ್ಲಿ ೨೦೧೧ರ ಸಕಾಲ ಅಧಿನಿಯಮವು ಗೊತ್ತುಮಾಡಿದ ಸೇವೆಗಳಿಗೆ ಕಾಲಮಿತಿಯನ್ನು ವಿಧಿಸಿದೆ. ಇಂಥ ಕಡೆ ‘ಸಂತೋಷದಿಂದ ಎದುರುನೋಡುತ್ತೇನೆ’ ಎಂದು ಬರೆದು ಸುಮ್ಮನೆ ಕುಳಿತರೆ ವಿನಯವು ದೌರ್ಬಲ್ಯವಾಗುತ್ತದೆ. ವೃದ್ಧಾಪ್ಯ ವೇತನಕ್ಕಾಗಿ ಅಲೆಯುತ್ತಿರುವ ಅಜ್ಜಿಯ ಪರವಾಗಿ ಮೊಮ್ಮಗಳು ಕಾಗದ ಬರೆಯುವಾಗ, ಅರ್ಜಿ ಕೊಟ್ಟ ದಿನ, ಸ್ವೀಕೃತಿಯ ಸಂಖ್ಯೆ, ಉತ್ತರ ಬರಬೇಕಾದ ದಿನ, ಈ ಮೂರನ್ನೂ ಸ್ಪಷ್ಟವಾಗಿ ಕಾಣಿಸಿ, ‘ಇಂಥ ದಿನದೊಳಗಾಗಿ ಉತ್ತರ ಕೊಡಿಸಬೇಕೆಂದು ಕೋರುತ್ತೇನೆ’ ಎಂದು ಬರೆಯುವುದೇ ಲೇಸು. ಅದನ್ನು ಕನ್ನಡದಲ್ಲಿಯೇ ಬರೆಯಲಿ. ೧೯೬೩ರ ಅಧಿನಿಯಮದಿಂದ ಕನ್ನಡವು ಈ ರಾಜ್ಯದ ಆಡಳಿತ ಭಾಷೆ. ತಾಲ್ಲೂಕು ಕಛೇರಿಗೆ ಇಂಗ್ಲೀಷಿನಲ್ಲಿ ಬರೆದರೆ ಹೆಚ್ಚು ಬೆಲೆಯೆಂಬ ಭ್ರಮೆಯನ್ನು ಬಿಡಬೇಕು.

ನಮ್ಮ ಕಛೇರಿಗಳಲ್ಲಿ ಬಳಕೆಯಲ್ಲಿರುವ ಇನ್ನೊಂದು ಮಾತು ‘ಥ್ಯಾಂಕಿಂಗ್ ಯು ಇನ್ ಆ್ಯಂಟಿಸಿಪೇಷನ್’ ಎಂಬುದು. ಕೆಲಸ ಆಗುವುದಕ್ಕೆ ಮೊದಲೇ ವಂದನೆಯನ್ನು ಸಲ್ಲಿಸುವುದು. ಹಾಸನದ ಮಾರುಕಟ್ಟೆಯಲ್ಲಿ ಬಿತ್ತನೆಯ ಆಲೂಗೆಡ್ಡೆಗೆ ಮುಂಗಡ ಕೊಟ್ಟು ಬಂದಂತೆ, ಮುಂಗಡ ತೆಗೆದುಕೊಂಡವರು ಇನ್ನು ಮಾಲು ಕೊಡಲೇಬೇಕಲ್ಲವೇ? ಉಪಕಾರ ಬೇಡುವವರು ಹೀಗೆ ಕಟ್ಟುಹಾಕುವುದು ಅಷ್ಟು ಚೆಂದವಲ್ಲ. ‘ಉತ್ತರ ಬರೆದರೆ ಉಪಕೃತನಾಗುವೆನು’ ಎಂಬುದು ಅದಕ್ಕಿಂತ ಹಿತವಾದ ಮಾತು. ಇಂಗ್ಲೀಷಿನಲ್ಲಿ ‘ಐ ಶುಡ್ ಬಿ ಗ್ರೇಟ್‌ಫುಲ್ ಫಾರ್ ಎ ರಿಪ್ಲೈ’ ಎಂದರೆ ಆ ಅರ್ಥ ಬರುತ್ತದೆ.

ಪರಭಾಷೆಯ ನಿಯಮಕ್ಕೆ ಇಷ್ಟು ತಲೆಬಾಗಬೇಕೇಕೆ, ಅದನ್ನು ನಮಗೆ ಬೇಕಾದಂತೆ ಬಗ್ಗಿಸಿಕೊಳ್ಳಬಾರದೇಕೆ ಎಂದು ತರುಣರು ವಾದಿಸಬಹುದು. ಬಗ್ಗಿಸಿದವರು ನಮ್ಮಲ್ಲಿ ಉಂಟು. ಅವರು ಹಾಸನದವರೇ ಆಗಿದ್ದಾರೆ. ೧೯೦೮ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಅವರು ೧೯೩೮ರಲ್ಲಿ ಪ್ರಕಟವಾದ ‘ಕಾಂತಾಪುರ’ದಲ್ಲಿ ನಮ್ಮ ಕಡೆಯ ಮುದುಕಿಯೊಬ್ಬಳು ಹಳ್ಳಿಯ ಕಥೆ ಹೇಳುವ ಲಯವನ್ನೇ ಇಂಗ್ಲೀಷಿಗೆ ತಂದರು, ತನ್ನದಲ್ಲದ ಭಾಷೆಯಲ್ಲಿ ತನ್ನ ಜೀವವನ್ನು ಹೇಳುವ ಕಷ್ಟವನ್ನು ಅದರ ಮುನ್ನುಡಿಯಲ್ಲಿ ವಿವರಿಸಿದರು. ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳು, ದೀಪಾ ಭಾಸ್ತಿಯವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಿಂದ, ೨೦೨೫ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಾರಿತೋಷಕವನ್ನು ಪಡೆದವು. ಆ ಅನುವಾದದಲ್ಲಿಯೂ ಕನ್ನಡದ ಸೊಗಡನ್ನು ಬೇಕೆಂದೇ ಉಳಿಸಿಕೊಂಡಿದ್ದಾರೆ. ಇವರೆಲ್ಲರೂ ನಿಯಮವನ್ನು ಅರಿತು ಬಗ್ಗಿಸಿದವರು. ಅರಿಯದೆ ಮುರಿಯುವುದು ಬೇರೆ. ಕಥೆಯನ್ನು ಓದುವವರು ಹೊಸ ಲಯವನ್ನು ಬಯಸಿ ಬರುತ್ತಾರೆ. ಅರ್ಜಿಯನ್ನು ಓದುವವರು ಒಪ್ಪವನ್ನು ಮಾತ್ರ ಬಯಸುತ್ತಾರೆ.

ಹಾಗೆಯೇ ಇಂಗ್ಲೀಷಿನ ಕಟ್ಟನ್ನು ಕನ್ನಡದ ಮೇಲೆ ಹೇರುವುದೂ ಸಲ್ಲದು. ‘ನಿಮ್ಮಿಂದ ಕೇಳಲು ಮುಂದೆ ನೋಡುತ್ತಿದ್ದೇವೆ’ ಎಂದು ಬರೆದರೆ ಓದಿದವರಿಗೆ ಏನೂ ತಿಳಿಯದು. ನಮ್ಮಲ್ಲಿ ‘ದಾರಿ ನೋಡುತ್ತಿರುತ್ತೇನೆ’ ಎಂಬ ಮಾತುಂಟು, ‘ಹಾದಿ ಕಾಯುವುದು’ ಉಂಟು, ‘ಕಾಗದ ಬಂದರೆ ಮನಸ್ಸಿಗೆ ಸಮಾಧಾನ’ ಎಂಬ ಮಾತುಂಟು. ದೂರದ ಊರಿನಲ್ಲಿರುವ ಮಗನು ತಾಯಿಗೆ ಇವುಗಳಲ್ಲಿ ಒಂದನ್ನು ಬರೆದರೆ ಆಕೆಯ ಕಣ್ಣು ತೇವವಾಗುತ್ತದೆ. ಇಂಗ್ಲೀಷಿನ ನೆರಳುಳ್ಳ ವಾಕ್ಯವನ್ನು ಬರೆದರೆ ಮಗನು ದೂರವಾದನೆಂದು ತೋರುತ್ತದೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಚಾವುಂಡರಾಯನು ಆ ಮೂರ್ತಿಯನ್ನು ಮಾಡಿಸಿದ ಸಂಗತಿಯನ್ನು ಕನ್ನಡ, ತಮಿಳು, ಮರಾಠಿ ಎಂಬ ಮೂರು ಭಾಷೆಗಳಲ್ಲಿ ಕೆತ್ತಲಾಗಿದೆ. ಮಾಡಿಸಿದನೆಂಬ ಒಂದೇ ಅರ್ಥವನ್ನು ಮೂರು ಭಾಷೆಗಳೂ ತಂತಮ್ಮ ಕ್ರಿಯಾರೂಪದಿಂದಲೇ ಹೇಳಿವೆ. ಯಾವುದೂ ಇನ್ನೊಂದರ ಅಂಗಿಯನ್ನು ತೊಟ್ಟಿಲ್ಲ. ಎರಡು ಭಾಷೆಗಳಲ್ಲಿ ಬಾಳುವ ನಮ್ಮ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ.

ಮನೆಯಲ್ಲಿ ಒಂದು ಸಂಜೆ ಈ ಅಭ್ಯಾಸವನ್ನು ಮಾಡಿ ನೋಡಿರಿ. ಹಿರಿಯರು ಕನ್ನಡದಲ್ಲಿ ನಾಲ್ಕು ವಾಕ್ಯಗಳನ್ನು ಹೇಳಲಿ: ಅತ್ತೆ ಬರುವುದನ್ನು ಎದುರುನೋಡುತ್ತೇವೆ, ನಾಳೆ ಮಳೆಯನ್ನು ನಿರೀಕ್ಷಿಸುತ್ತೇವೆ, ಕೆಲಸ ಸಿಗುವುದೆಂದು ಆ

ಶಿಸುತ್ತೇವೆ, ಬಸ್ಸನ್ನು ಕಾಯುತ್ತೇವೆ. ಮಕ್ಕಳು ಪ್ರತಿಯೊಂದಕ್ಕೂ ಇಂಗ್ಲೀಷಿನಲ್ಲಿ ಯಾವ ಮಾತು ಸಲ್ಲುವುದೆಂದು ಹೇಳಲಿ. ಮೊದಲನೆಯ ವಾಕ್ಯಕ್ಕೆ ‘ಕಮಿಂಗ್’ ಎಂಬ ರೂಪ ಬಂದರೆ ಪಾಠವು ಫಲಿಸಿತೆಂದು ತಿಳಿಯಬಹುದು. ಕಾಗದವನ್ನು ಲಕೋಟೆಗೆ ಹಾಕುವ ಮೊದಲು, ಮಿಂಚಂಚೆಯಾದರೆ ಗುಂಡಿಯನ್ನು ಒತ್ತುವ ಮೊದಲು, ಕೊನೆಯ ಸಾಲನ್ನು ಒಮ್ಮೆ ಕನ್ನಡಕ್ಕೆ ತಿರುಗಿಸಿ ಓದಿಕೊಳ್ಳುವ ಪದ್ಧತಿಯು ಮನೆಮನೆಯಲ್ಲಿಯೂ ನೆಲೆಗೊಳ್ಳಲಿ. ಅದಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಲ ಹಿಡಿಯದು.